ಎಡಗಡೆಯ ಗೋಲುಗಳು

ಪೇಟೆಬೀದಿಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವನನ್ನು ಗೆಳೆಯರೆಲ್ಲ ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಚಿಕ್ಕದನ್ನು ದೊಡ್ಡದು ಮಾಡಿ ನೋಡುವುದು ಅವನ ಕಸುಬೂ ಹೌದು, ಹುಟ್ಟುಗುಣವೂ ಹೌದು. ಫ್ರೇಮಿನ ತಿರುಪು ಅರ್ಧ ಸುತ್ತು ಸಡಿಲವಾಗಿದ್ದರೂ ಅದು ಗಿರಾಕಿಯ ಮೂಗಿನ ಮೇಲಿರುವಾಗಲೇ ಕಂಡುಹಿಡಿಯುತ್ತಿದ್ದ. ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ಫೋನಿನಲ್ಲಿ ಎರಡು ಸಲ ಕೆಮ್ಮಿದರೆ ಆ ವಾರವೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. “ನಮ್ಮೋರಿಗೆ ಚಿಂತೆ ಮಾಡೋಕೆ ಏನೂ ಇಲ್ಲದಿದ್ರೆ, ಯಾಕಪ್ಪಾ ಏನೂ ಇಲ್ಲ ಅನ್ನೋದೇ ಚಿಂತೆ” ಎಂದು ಹೆಂಡತಿ ನಗುತ್ತಿದ್ದಳು.

ಇಂಥ ಪುಕ್ಕಲು ಎದೆಯವನು ಮೂವತ್ತೊಂದು ವರ್ಷ ಊರಿನ ಫುಟ್‌ಬಾಲ್ ಟೀಮಿನ ಹಿಂದೆ ಬಿದ್ದಿದ್ದ. ನೀಲಿ ಅಂಗಿಯ ಟೀಮು. ಒಂದು ಸಲವೂ ಕಪ್ ಗೆದ್ದಿರಲಿಲ್ಲ, ಆದರೆ ಒಂದು ಸಲವೂ ಮೇಲಿನ ಡಿವಿಷನ್ನಿನಿಂದ ಕೆಳಗೆ ಬಿದ್ದೂ ಇರಲಿಲ್ಲ. ಗೋಲುಕಂಬದ ಹಿಂದಿನ ಗ್ಯಾಲರಿಯಲ್ಲಿ ಅವನ ಜಾಗ. ಪಕ್ಕದಲ್ಲಿ ಕ್ಷೌರದಂಗಡಿಯ ಗೆಳೆಯ. ಇಬ್ಬರೂ ಒಂದನೇ ತರಗತಿಯಿಂದ ಜೊತೆ. ಒಬ್ಬನ ಬಾಯಿ ಮುಚ್ಚುತ್ತಿರಲಿಲ್ಲ, ಇನ್ನೊಬ್ಬನದು ತೆರೆಯುತ್ತಿರಲಿಲ್ಲ. ಹಾಗಾಗಿ ಜೋಡಿ ಬಾಳಿತ್ತು.

ಆ ಸಲ ಸೀಸನ್ ಶುರುವಾದದ್ದು ಚೆನ್ನಾಗಿಯೇ. ಹನ್ನೆರಡು ಪಂದ್ಯ ಮುಗಿದಾಗ ಟೀಮು ಮೂರನೇ ಜಾಗದಲ್ಲಿತ್ತು. ಕ್ಷೌರದವನು ಬಂದವರ ತಲೆಗೆಲ್ಲ ಕತ್ತರಿ ಹಾಕುತ್ತಲೇ ಈ ವರ್ಷ ಕಪ್ ನಮ್ಮದೇ ಎಂದು ಸಾರುತ್ತಿದ್ದ. ಹದಿಮೂರನೇ ಪಂದ್ಯದಲ್ಲಿ ಕಾರ್ನರ್ ಚೆಂಡೊಂದು ನೇರವಾಗಿ ಗೋಲ್‌ಕೀಪರನ ಮುಖಕ್ಕೆ ಬಡಿಯಿತು. ಅವನು ಎದ್ದು ಮುಖ ಒರೆಸಿಕೊಂಡು ಆಟ ಮುಂದುವರಿಸಿದ. ಗ್ಯಾಲರಿ ಚಪ್ಪಾಳೆ ತಟ್ಟಿತು. ಆಮೇಲೆ ಅದು ಯಾರಿಗೂ ನೆನಪಿರಲಿಲ್ಲ.

ಸುಮಾರು ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳು ಯಾರೂ ಇಲ್ಲದ ಹೊತ್ತಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಎತ್ತರದ ಆಳೊಬ್ಬ ಅಂಗಡಿಗೆ ಬಂದ.

“ಯಜಮಾನ್ರೇ, ಷಟರ್ ಸ್ವಲ್ಪ ಇಳಿಸ್ತೀರಾ?”

ದನಿ ಕೇಳಿ ಭೂತಗನ್ನಡಿಗೆ ಗುರುತು ಹತ್ತಲಿಲ್ಲ, ಕೈ ನೋಡಿ ಹತ್ತಿತು. ಅಷ್ಟು ಅಗಲದ ಕೈ ಊರಲ್ಲಿ ಇನ್ನೊಬ್ಬರಿಗಿರಲಿಲ್ಲ. ಷಟರ್ ಅರ್ಧ ಇಳಿಸಿ, ಗೋಲ್‌ಕೀಪರನ್ನು ಕುರ್ಚಿಯ ಮೇಲೆ ಕೂರಿಸಿ, ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟ. ಬಲಗಣ್ಣು ಅಕ್ಷರದ ಹಲಗೆಯ ಕೊನೆಯ ಸಾಲನ್ನೂ ಸಲೀಸಾಗಿ ಓದಿತು. ಎಡಗಣ್ಣು ಮೂರನೇ ಸಾಲಿಗೇ ನಿಂತಿತು. ಪೆಟ್ಟಿಗೆಯಲ್ಲಿದ್ದ ಮಸೂರಗಳನ್ನೆಲ್ಲ ಒಂದಾದ ಮೇಲೊಂದು ಹಾಕಿ ನೋಡಿದರೂ ನಾಲ್ಕನೇ ಸಾಲು ಬರಲಿಲ್ಲ. ಸಣ್ಣ ಟಾರ್ಚು ಬಿಟ್ಟು ನೋಡಿದಾಗ ಪಾಪೆಯ ನಡುವೆ ತೆಳ್ಳಗೆ ಬೂದಿ ಬಳಿದಂತೆ ಕಂಡಿತು.

“ಇದು ಕನ್ನಡಕದಲ್ಲಿ ಹೋಗೋದಲ್ಲಪ್ಪ. ಪೊರೆ ಬಂದಿದೆ.”

“ಪೊರೆ ಬರೋದು ವಯಸ್ಸಾದವರಿಗಲ್ವಾ? ನಂಗೆ ಇಪ್ಪತ್ತೊಂಬತ್ತು.”

“ಏಟು ಬಿದ್ರೆ ಅದು ವಯಸ್ಸು ಕೇಳಲ್ಲ. ಒಳಗೆ ಇನ್ನೇನಾಗಿದ್ಯೋ ನನ್ನ ಟಾರ್ಚಿಗೆ ಕಾಣಲ್ಲ. ನಾಳೇನೇ ಕಣ್ಣಿನ ಆಸ್ಪತ್ರೆಗೆ ಹೋಗಿ.”

ಗೋಲ್‌ಕೀಪರ್ ತನ್ನ ಅಂಗೈಗಳನ್ನೇ ನೋಡಿಕೊಂಡು ಕೂತ. ಈ ಸೀಸನ್ನಿಗೆ ಅವನ ಒಪ್ಪಂದ ಮುಗಿಯುತ್ತಿತ್ತು. ಬೆಂಚಿನ ಮೇಲೆ ಹತ್ತೊಂಬತ್ತು ವರ್ಷದ ಇನ್ನೊಬ್ಬ ಗೋಲ್‌ಕೀಪರ್ ಕಾದು ಕೂತಿದ್ದ. ಕಣ್ಣಿನ ವಿಷಯ ಹೊರಗೆ ಬಂದರೆ ಇಲ್ಲಿ ಮಾತ್ರವಲ್ಲ, ಯಾವ ಟೀಮಿನ ಬಾಗಿಲೂ ತನಗೆ ತೆರೆಯುವುದಿಲ್ಲ ಎಂದ. “ಇನ್ನು ಹನ್ನೊಂದು ಪಂದ್ಯ ಯಜಮಾನ್ರೇ. ಮುಗಿದ ಮಾರನೇ ದಿನ ಹೋಗ್ತೀನಿ. ಯಾರಿಗೂ ಹೇಳ್ಬೇಡಿ. ನಿಮ್ಮ ಮಗ ಅಂದ್ಕೊಳ್ಳಿ.”

ಭೂತಗನ್ನಡಿಗೆ ಮಗ ಇರಲಿಲ್ಲ. ಆದರೆ ಅಪ್ಪ ಕಲಿಸಿದ ಒಂದು ಪಾಠವಿತ್ತು: ಗಿರಾಕಿಯ ಕಣ್ಣಲ್ಲಿ ಕಂಡದ್ದು ಅಂಗಡಿಯ ಹೊಸ್ತಿಲು ದಾಟಬಾರದು. ತಲೆಯಾಡಿಸಿದ. ಆ ಒಂದು ತಲೆಯಾಡಿಕೆಗೆ ಅವನ ನಿದ್ದೆ ಹೋಯಿತು.

ಅಲ್ಲಿಂದ ಮುಂದೆ ಅವನು ಪಂದ್ಯ ನೋಡಲಿಲ್ಲ, ಎಡಗಡೆ ನೋಡಿದ. ಎದುರಾಳಿಯವರು ಆ ಕಡೆಯಿಂದ ಚೆಂಡು ತಂದರೆ ಸಾಕು, ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಒಂದು ಗೋಲು. ಮುಂದಿನ ವಾರ ಎರಡು. ಎಡಗಡೆಯಿಂದ ಬಂದ ಚೆಂಡಿಗೆ ಗೋಲ್‌ಕೀಪರ್ ಒಂದು ಕ್ಷಣ ತಡವಾಗಿ ಹಾರುತ್ತಿದ್ದ. ಆ ಒಂದು ಕ್ಷಣವನ್ನು ಸಾವಿರಾರು ಜನರಲ್ಲಿ ಭೂತಗನ್ನಡಿ ಒಬ್ಬನೇ ಅಳೆಯಬಲ್ಲವನಾಗಿದ್ದ. ಟೀಮು ಮೂರರಿಂದ ಎಂಟಕ್ಕೆ, ಎಂಟರಿಂದ ಹದಿಮೂರಕ್ಕೆ ಜಾರಿತು. ಸ್ಟ್ರೈಕರನ ಮಂಡಿ ಕೈಕೊಟ್ಟಿತ್ತು, ಕೋಚು ವಾರಕ್ಕೊಂದು ತಂತ್ರ ಬದಲಿಸುತ್ತಿದ್ದ, ತಪ್ಪು ಎಲ್ಲರದೂ ಇತ್ತು. ಭೂತಗನ್ನಡಿ ಮಾತ್ರ ತಪ್ಪೆಲ್ಲ ತನ್ನದೇ ಎಂದುಕೊಂಡಿದ್ದ.

“ನಿಮಗೆ ಏನಾಗಿದೆ? ಎರಡು ಸಲ ಸಕ್ಕರೆ ಬದಲು ಉಪ್ಪು ಹಾಕ್ಕೊಂಡು ಕಾಫಿ ಕುಡಿದ್ರಿ, ಒಂದು ಮಾತಿಲ್ಲ” ಎಂದು ಹೆಂಡತಿ ಕೇಳಿದಳು.

“ಟೀಮು ಸೋಲ್ತಾ ಇದೆ.”

“ಟೀಮು ಮೂವತ್ತು ವರ್ಷದಿಂದ ಸೋಲ್ತಾನೇ ಇದೆ. ಉಪ್ಪು ಈ ವರ್ಷ ಹೊಸದು.”

ಒಂದು ದಿನ ಕ್ಲಬ್ಬಿನ ಕಚೇರಿಯ ಗೇಟಿನವರೆಗೆ ಹೋಗಿ ವಾಪಸು ಬಂದ. ಇನ್ನೊಂದು ದಿನ ಕೋಚಿಗೆ ಹೆಸರಿಲ್ಲದ ಕಾಗದ ಬರೆದು, ಮಡಿಸಿ, ಹರಿದು ಹಾಕಿದ. ಗೋಲ್‌ಕೀಪರಿಗೆ ನಾಲ್ಕು ಸಲ ಫೋನು ಮಾಡಿದ. ಮೂರು ಸಲ ಅವನು ಎತ್ತಲಿಲ್ಲ. ನಾಲ್ಕನೆಯ ಸಲ, “ಇನ್ನು ಐದೇ ಪಂದ್ಯ ಯಜಮಾನ್ರೇ” ಎಂದು ಇಟ್ಟುಬಿಟ್ಟ.

ಕೆಳಗೆ ಬೀಳದೆ ಉಳಿಯಲು ಕೊನೆಯ ಪಂದ್ಯದಲ್ಲಿ ಡ್ರಾ ಆದರೂ ಸಾಕಿತ್ತು. ಎಂಬತ್ತೊಂದನೇ ನಿಮಿಷ ಎಡಗಡೆಯಿಂದ ಎದುರಾಳಿಯವರ ಒಬ್ಬ ಡಿಫೆಂಡರ್, ಯಾರಿಗೋ ಪಾಸು ಕೊಡಲು ಹೋಗಿ, ಚೆಂಡನ್ನು ಗೋಲಿನ ಕಡೆಗೆ ಉರುಳಿಸಿದ. ಶಾಲೆಯ ಮಕ್ಕಳೂ ಹಿಡಿಯಬಹುದಾದ ಚೆಂಡು. ಗೋಲ್‌ಕೀಪರ್ ಅದು ಕಾಲಿನ ಪಕ್ಕ ಹಾದುಹೋದ ಮೇಲೆ ಬಗ್ಗಿದ. ನೀಲಿ ಟೀಮು ಮೊದಲ ಸಲ ಕೆಳಗಿನ ಡಿವಿಷನ್ನಿಗೆ ಬಿತ್ತು.

“ಆಟ ಮಾರ್ಕೊಂಡ ಕಣೋ” ಎಂದ ಕ್ಷೌರದವನು, ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದ್ದನ್ನು ಭೂತಗನ್ನಡಿ ಅದೇ ಮೊದಲು ಕೇಳಿದ್ದು.

ಎರಡು ದಿನದಲ್ಲಿ ಊರೆಲ್ಲ ಅದೇ ಮಾತು. ಗೋಲ್‌ಕೀಪರ್ ಯಾರೊಂದಿಗೋ ಕಾರಿನಲ್ಲಿ ಕೂತದ್ದನ್ನು ಕಂಡವರಿದ್ದರಂತೆ. ಕಂಡವರನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಬರುವ ಭಾನುವಾರ ಬೆಳಿಗ್ಗೆ ಅಭಿಮಾನಿ ಸಂಘದ ಸಭೆ, ಇಡೀ ಸೀಸನ್ನಿನ ವಿಮರ್ಶೆ ಎಂದು ಗೋಡೆಗೋಡೆಗೂ ಚೀಟಿ ಅಂಟಿತು.

ಶನಿವಾರ ಬೆಳಿಗ್ಗೆ ಭೂತಗನ್ನಡಿ ಗೋಲ್‌ಕೀಪರನ ಮನೆ ಹುಡುಕಿಕೊಂಡು ಹೋದ. ಮುಂದಿನ ಕಿಟಕಿಗೆ ಗಾಜಿನ ಬದಲು ರಟ್ಟು ಮೆತ್ತಿತ್ತು. ಬಾಗಿಲು ತೆರೆದ ತಾಯಿ ಇವನ ಕೈಯಲ್ಲಿ ಕಲ್ಲಿದೆಯೋ ಎಂಬಂತೆ ಮೊದಲು ಕೈ ನೋಡಿದಳು. ಮಗ ಒಳಗೆ ಪರದೆ ಎಳೆದುಕೊಂಡು ಕೂತಿದ್ದ.

“ಆಸ್ಪತ್ರೆಗೆ ಹೋದ್ಯಾ?”

“ಈ ಸ್ಥಿತೀಲಿ ಬೀದಿಗಿಳಿಯೋದು ಹೇಗೆ?”

“ನೋಡಪ್ಪ, ನಾಳೆ ಸಭೇಲಿ ನಿನ್ನನ್ನ ಕಳ್ಳ ಅಂತ ಬರೀತಾರೆ. ಕಣ್ಣಿನ ವಿಷಯ ನಾನು ಹೇಳಿಬಿಡ್ತೀನಿ. ನೀನು ಹೂಂ ಅನ್ನು ಸಾಕು.”

“ಬೇಡ. ಕಳ್ಳ ಅಂದ್ರೆ ಒಂದು ವರ್ಷ ಬೈತಾರೆ, ಮರೀತಾರೆ, ಎಲ್ಲೋ ಒಬ್ಬ ಕೋಚು ಕರೀತಾನೆ. ಕುರುಡ ಅಂದ್ರೆ ಯಾವನು ಕರೀತಾನೆ?”

ತಾಯಿ ಬಾಗಿಲ ಬಳಿಯೇ ನಿಂತಿದ್ದಳು. ಮಗನ ಕಣ್ಣಿನ ಸಂಗತಿ ಅವಳಿಗೆ ಗೊತ್ತಾದದ್ದೇ ಆ ಕ್ಷಣ. ಬಂದು ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಭೂತಗನ್ನಡಿ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಸಭೆ ನಡೆದದ್ದು ಸೈಕಲ್ ಗೋದಾಮಿನ ಮೇಲಿನ ಹಾಲಿನಲ್ಲಿ. ನೂರು ಕುರ್ಚಿ, ಇನ್ನೂರು ಜನ. ಕಾರ್ಯದರ್ಶಿ, ನಿವೃತ್ತ ಪೋಸ್ಟ್‌ಮಾಸ್ಟರು, ಪಂದ್ಯ ಪಂದ್ಯವಾಗಿ ಓದುತ್ತ ಹೋದರು. ಜನ ಒಂದೊಂದಕ್ಕೂ ನಿಟ್ಟುಸಿರು ಬಿಡುತ್ತ ಮತ್ತೆ ಸೋತರು. ಒಬ್ಬ ಕೋಚನ್ನು ಬೈದ, ಒಬ್ಬ ಹುಲ್ಲನ್ನು ಬೈದ, ಹಿಂದಿನ ಸಾಲಿನ ಮುದುಕರೊಬ್ಬರು ತಾನು ಟಿಕೆಟ್ ಕೊಳ್ಳಲು ಶುರುಮಾಡಿದ ವರ್ಷದಿಂದಲೇ ದರಿದ್ರ ಹಿಡಿದದ್ದು ಎಂದು ತನ್ನನ್ನೇ ಬೈದುಕೊಂಡು ನಗಿಸಿದರು. ಆಮೇಲೆ ಗೋಲ್‌ಕೀಪರನ ಸರದಿ ಬಂತು. ನಗು ನಿಂತಿತು. ಅವನು ಆಟ ಮಾರಿಕೊಂಡಿದ್ದಾನೆ, ವಿಚಾರಣೆಯಾಗಬೇಕು ಎಂಬ ನಿರ್ಣಯವನ್ನು ಎದ್ದು ನಿಂತು ಮಂಡಿಸಿದವನು ಕ್ಷೌರದವನೇ.

ಭೂತಗನ್ನಡಿಗೆ ತಾನು ಯಾವಾಗ ಎದ್ದೆ ಎಂಬುದೇ ತಿಳಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಸಂಘದ ಸಭೆಯಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ.

“ಅವನು ಮಾರ್ಕೊಂಡಿಲ್ಲ.”

“ನಿಂಗೆ ಹೇಗೆ ಗೊತ್ತು?” ಎಂದ ಕ್ಷೌರದವನು.

“ಗೊತ್ತು.”

“ಗೊತ್ತಿದ್ರೆ ಹೇಳು.”

“ಹೇಳೋಕಾಗಲ್ಲ.”

ಯಾರೋ ಸಿಳ್ಳೆ ಹಾಕಿದರು. ಇನ್ಯಾರೋ, “ಇವರಿಗೂ ಪಾಲು ಸೇರಿರಬೇಕು” ಎಂದರು. ಭೂತಗನ್ನಡಿ ಕೂರಲಿಲ್ಲ. “ನಾನು ಸುಳ್ಳು ಹೇಳೋನಲ್ಲ ಅಂತ ನಿಮ್ಮಲ್ಲಿ ಅರ್ಧ ಜನರ ಮೂಗಿಗೆ ಗೊತ್ತು. ನಿರ್ಣಯಕ್ಕೆ ನನ್ನ ವಿರೋಧ ಬರ್ಕೊಳ್ಳಿ” ಎಂದ. ಪೋಸ್ಟ್‌ಮಾಸ್ಟರು ಬರೆದುಕೊಂಡರು. ಕೈ ಎತ್ತಿದಾಗ ಎಲ್ಲರೂ ಒಂದು ಕಡೆ, ಅವನೊಬ್ಬ ಒಂದು ಕಡೆ. ಕ್ಷೌರದವನು ಅವನ ಮುಖ ನೋಡದೆ ಮೆಟ್ಟಿಲಿಳಿದು ಹೋದ.

ಆ ವಾರ ಅಂಗಡಿಗೆ ಗಿರಾಕಿಗಳು ಕಡಿಮೆಯಾದರು. ಕ್ಷೌರದಂಗಡಿಗೆ ಹೋಗಲು ಮುಖವಿಲ್ಲದೆ ಅವನ ಗಡ್ಡ ಬೆಳೆಯಿತು. ಬುಧವಾರ ಒಬ್ಬ ಹೆಂಗಸು ಬಂದಳು. ಗೋಲ್‌ಕೀಪರನ ತಾಯಿ. ಸಭೆಯ ಸುದ್ದಿ ಅವಳನ್ನು ಮುಟ್ಟಿತ್ತು.

“ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ. ಒಪ್ಪಿಸಿದೀನಿ. ನೀವೂ ಬರ್ತೀರಾ ಅಣ್ಣಾ? ಡಾಕ್ಟ್ರು ಹೇಳಿದ್ದು ನಂಗೆ ಅರ್ಥ ಆಗಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮುಕ್ಕಾಲು ಗಂಟೆ ನೋಡಿದರು. ಹೊರಗೆ ಬಂದು ತಾಯಿಗಲ್ಲ, ಭೂತಗನ್ನಡಿಗೆ ಹೇಳಿದರು: ಪೊರೆ ತೆಗೆಯಬಹುದು, ಅದು ದೊಡ್ಡದಲ್ಲ. ಆದರೆ ಕಣ್ಣಿನ ಹಿಂದಿನ ಪದರ ಒಂದು ಕಡೆ ಬಿಟ್ಟುಕೊಂಡಿದೆ, ಅದು ಹಳೆಯದಾಗಿದೆ. ಮೂರು ತಿಂಗಳ ಹಿಂದೆ ತಂದಿದ್ದರೆ ಪೂರ್ತಿ ಉಳಿಯುತ್ತಿತ್ತು. ಈಗ ಎಷ್ಟು ಉಳಿಯುತ್ತದೋ ಅಷ್ಟು.

ಇಷ್ಟು ದಿನ ಭೂತಗನ್ನಡಿ ಲೆಕ್ಕ ಹಾಕಿದ್ದು ಎಡಗಡೆಯ ಗೋಲುಗಳನ್ನು. ನಿದ್ದೆ ಬಿಟ್ಟದ್ದು ಟೀಮಿಗಾಗಿ. ಆ ಕಣ್ಣು ಒಬ್ಬ ಮನುಷ್ಯನದು, ಅದು ಒಳಗೊಳಗೇ ಕಳಚುತ್ತಿದೆ ಎಂದು ಎಷ್ಟು ಸಲ ಯೋಚಿಸಿದ್ದ? ತಾಯಿ, “ಏನಂದ್ರು ಅಣ್ಣಾ?” ಎಂದು ಕೇಳಿದಳು. ಅವನು ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಮೂರು ತಿಂಗಳ ಮಾತನ್ನೂ ಹೇಳಿದ. ಅವಳು ಬೆಂಚಿನ ಮೇಲೆ ಕೂತು, “ನನ್ನ ಮಗ ಹಟಮಾರಿ. ನೀವು ಹೇಳಿದ್ರೂ ಹೋಗ್ತಿರಲಿಲ್ಲ” ಎಂದಳು. “ನಿಮಗೆ ಹೇಳಿದ್ರೆ ಹೋಗ್ತಿದ್ದ” ಎಂದ ಭೂತಗನ್ನಡಿ.

ಆಪರೇಷನ್ ಎರಡು ಸಲ ಆಯಿತು. ಕಣ್ಣು ಅರ್ಧ ಉಳಿಯಿತು. ಮತ್ತೆ ಗೋಲಿನಲ್ಲಿ ನಿಲ್ಲುವಂತಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದರು. ಬಚ್ಚಿಡಲು ಇನ್ನೇನೂ ಉಳಿಯದ ಮೇಲೆ ಗೋಲ್‌ಕೀಪರ್ ತಾನೇ ಪತ್ರಿಕೆಯವರನ್ನು ಕರೆದು ಎಲ್ಲ ಹೇಳಿದ. ಕನ್ನಡಕದಂಗಡಿಯವರಿಂದ ಮಾತು ತೆಗೆದುಕೊಂಡಿದ್ದೆ, ಅವರದೇನೂ ತಪ್ಪಿಲ್ಲ ಎಂದೂ ಹೇಳಿದ. ಮುಂದಿನ ತಿಂಗಳು ಕ್ಲಬ್ಬು ಅವನನ್ನು ಹೊಸ ಗೋಲ್‌ಕೀಪರುಗಳಿಗೆ ತರಬೇತಿ ಕೊಡಲು ಇಟ್ಟುಕೊಂಡಿತು. ಸಂಘ ತನ್ನ ನಿರ್ಣಯವನ್ನು ಸದ್ದಿಲ್ಲದೆ ಹಿಂದಕ್ಕೆ ಪಡೆಯಿತು. ಕಿಟಕಿಗೆ ಗಾಜು ಹಾಕಿಸಿಕೊಟ್ಟವರು ಯಾರೆಂದು ತಿಳಿಯಲಿಲ್ಲ.

ಪತ್ರಿಕೆ ಬಂದ ದಿನ ಕ್ಷೌರದವನು ಕೈಚೀಲದಲ್ಲಿ ಕತ್ತರಿ, ಬಾಚಣಿಗೆ ಹಿಡಿದು ಕನ್ನಡಕದಂಗಡಿಗೇ ಬಂದ. ಕುರ್ಚಿಯನ್ನು ತಿರುಗಿಸಿ, ಗೆಳೆಯನ ಕೊರಳಿಗೆ ಬಟ್ಟೆ ಸುತ್ತಿದ.

“ನಂಗಾದ್ರೂ ಹೇಳ್ಬಹುದಿತ್ತಲ್ಲೋ.”

“ನಿಂಗೆ ಹೇಳೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ.”

ಕ್ಷೌರದವನು ಗಡ್ಡಕ್ಕೆ ಕತ್ತರಿ ಹಾಕಿದ. “ಆ ನಿರ್ಣಯ ಮಂಡಿಸಿದ್ದು ನಾನು” ಎಂದ. “ಆಟ ನೋಡೋಕೆ ಮೂವತ್ತು ವರ್ಷದಿಂದ ಹೋಗ್ತಿದೀನಿ. ಏನು ನೋಡ್ತಿದ್ನೋ.”

ಕೆಳಗಿನ ಡಿವಿಷನ್ನಿನ ಸೀಸನ್ ಶುರುವಾದಾಗ ಇಬ್ಬರೂ ಟಿಕೆಟ್ ಕೊಂಡರು. ಗ್ಯಾಲರಿ ಅರ್ಧ ಖಾಲಿ ಇತ್ತು. ಊರಿನವರು ಭೂತಗನ್ನಡಿಯನ್ನು ಮತ್ತೆ ನಂಬಿದರು, ಮೊದಲಿಗಿಂತ ಹೆಚ್ಚೇ ನಂಬಿದರು. ಅವನಿಗೆ ಮಾತ್ರ ತನ್ನ ಮೇಲಿನ ನಂಬಿಕೆ ಪೂರ್ತಿ ಬರಲಿಲ್ಲ. ಯಾರ ಕಣ್ಣಲ್ಲಾದರೂ ಅನುಮಾನದ್ದು ಕಂಡರೆ ಈಗ ಅವನು ಗಿರಾಕಿ ಕುರ್ಚಿಯಲ್ಲಿರುವಾಗಲೇ ಆಸ್ಪತ್ರೆಗೆ ಫೋನು ಹಚ್ಚಿ ದಿನ ಗೊತ್ತು ಮಾಡುತ್ತಾನೆ, ಆ ದಿನ ಸಂಜೆ ಮನೆಗೆ ಫೋನು ಮಾಡಿ “ಹೋಗಿದ್ರಾ?” ಎಂದು ಕೇಳುತ್ತಾನೆ. ಇಲ್ಲ ಎಂದರೆ ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಹಾಜರು. ಕನ್ನಡಕ ಕೊಂಡರೆ ಅತ್ತೆ ಪುಕ್ಕಟೆ ಎಂದು ಜನ ನಗುತ್ತಾರೆ. ನಗಲಿ ಬಿಡು ಅನ್ನುತ್ತಾನೆ ಅವನು, ಮತ್ತೆ ಮುಂದಿನ ನಂಬರು ಒತ್ತುತ್ತಾನೆ, ಆ ಕಡೆಯವರು ಎತ್ತುವವರೆಗೂ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೇ ಇರುತ್ತಾನೆ.