ಭತ್ತದ ಮೇಲೆ ಹಿಮದ ಟೈರು

ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆ ಗಳಿಗೆಯಲ್ಲಿ ನಾನು ರಸ್ತೆ ನೋಡುತ್ತಿರಲಿಲ್ಲ. ಕಾರಿನ ಪರದೆಯಲ್ಲಿ ಗಡಿಯಾರದ ಪಕ್ಕ ಹೊರಗಿನ ಶಾಖ ನಲವತ್ತಮೂರು ಡಿಗ್ರಿ ಎಂದು ಕಾಣುತ್ತಿತ್ತು. ಸುರಪುರ ಮುಟ್ಟುವುದರೊಳಗೆ ನಲವತ್ತನಾಲ್ಕಾದರೆ ಕುಲ್ಫಿ ನೀನು ಕೊಡಿಸಬೇಕು ಎಂದು ಆಪಾಳ ಜೊತೆ ಪಂಥ ಕಟ್ಟುತ್ತಿದ್ದೆ.

ಆಪಾ ನನ್ನ ಅಕ್ಕ. ಕಕ್ಕೇರಾದ ಆಸ್ಪತ್ರೆಯಲ್ಲಿ ನರ್ಸು. ಅಂದು ಅವಳಿಗೆ ನಾಲ್ಕು ಗಂಟೆಗೆ ಡ್ಯೂಟಿ. ನಾನು ಶಹಾಪುರದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆ, ಕೆಲಸವಿಲ್ಲ. ಸುರಪುರದಲ್ಲಿ ಇಳಿದು ಒಂದಿಷ್ಟು ಬಟ್ಟೆ ಕೊಂಡು ಬಸ್ಸಿನಲ್ಲಿ ಮರಳುವ ಯೋಚನೆ. ಹತ್ತಿಗೂಡೂರ ದಾಟಿದ್ದೆವು. ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳು, ಬೇಸಿಗೆ ಬೆಳೆ ಕಟಾವಾಗಿತ್ತು. ಕಟಾವಾದರೆ ನಮ್ಮ ಕಡೆ ರಸ್ತೆಯ ಅರ್ಧ ಭಾಗ ಕಣವಾಗುತ್ತದೆ. ಭತ್ತ ಹರವಿ, ಸುತ್ತ ಕಲ್ಲಿಟ್ಟು, ಇನ್ನರ್ಧ ರಸ್ತೆಯನ್ನು ವಾಹನಗಳಿಗೆ ಬಿಟ್ಟುಕೊಡುತ್ತಾರೆ. ಯಾರೂ ತಕರಾರು ಮಾಡುವುದಿಲ್ಲ.

ತಲೆಯೆತ್ತಿದಾಗ ಕಂಡದ್ದು ಹೀಗೆ: ನಮ್ಮ ಬದಿಯಲ್ಲಿ ಭತ್ತದ ಹಳದಿ ಹಾಸು. ಅದರ ಮೇಲೆ ನಮಗೆ ಬೆನ್ನು ಮಾಡಿ, ಸೆರಗು ಹೊದ್ದು, ಕಾಲಿನಿಂದ ಭತ್ತ ತಿರುವುತ್ತಿದ್ದ ಒಬ್ಬ ಹೆಂಗಸು. ಎದುರಿನಿಂದ ಒಂದು ಲಾರಿ, ಪಕ್ಕಕ್ಕೆ ಹೋಗಲು ಜಾಗವಿಲ್ಲ. ಆಪಾ ಬ್ರೇಕು ಒತ್ತಿದಳು. ತಡವಾಗಿ ಒತ್ತಲಿಲ್ಲ. ಇದನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಕಾರು ಬರಬರ ಎಂದು ನಡುಗುತ್ತ ಮುಂದೆ ಹೋಗುತ್ತಲೇ ಇತ್ತು. ಕಲ್ಲು ದಾಟಿತು. ಭತ್ತ ಹತ್ತಿತು, ಜಾರಿತು. ನಿಂತಾಗ ಆ ಹೆಂಗಸು ಹಿಂದಕ್ಕೆ ತಿರುಗಿ ಕಾರಿನ ಮೂತಿಯ ಮೇಲೆ ಕೈ ಊರಿದ್ದಳು. ಮೊಣಕೈ ಮಡಚಿತ್ತು. ಆ ಮಡಚಿದ ಮೊಣಕೈ ಆಮೇಲೆ ಎಷ್ಟು ರಾತ್ರಿ ಕಣ್ಣಿಗೆ ಕಟ್ಟಿತೋ ಲೆಕ್ಕವಿಲ್ಲ.

"ಏನವ್ವಾ, ಕಳ್ಳರಂಗ ಸಪ್ಪಳಿಲ್ದ ಬರ್ತೀರಿ! ಬ್ರೇಕ್ ಐತಿಲ್ಲ ಇದಕ್ಕ?" ಎಂದಳು.

"ಐತ್ರಿ... ಒತ್ತೀನ್ರಿ..." ಎಂದಳು ಆಪಾ.

"ಒತ್ತಿದ್ರ ನಿಲ್ಲಬೇಕಲಾ?"

ಇಳಿದು, ಚೆಲ್ಲಿದ ಭತ್ತವನ್ನು ಅವಳ ಜೊತೆ ಕೂಡಿಸಿದೆವು. ಆಪಾಳ ನರ್ಸಿನ ಬಟ್ಟೆಯನ್ನೂ ನಮ್ಮ ಮುಖವನ್ನೂ ನೋಡಿ ಅವಳಿಗೇ ಕನಿಕರ ಬಂದು ಕೊಡದಿಂದ ನೀರು ಕೊಟ್ಟಳು. "ನನಗೇನ್ ಆಗಿಲ್ಲ, ನೀವ್ಯಾಕ ಹಿಂಗ್ ಅಳಾಕತ್ತೀರಿ? ಹೋಗ್ರಿ, ಆಸ್ಪತ್ರ್ಯಾಗ ಮಂದಿ ಕಾಯ್ತಿರತಾರ." ನನಗೆ ಅಳುತ್ತಿದ್ದದ್ದು ಗೊತ್ತೇ ಇರಲಿಲ್ಲ. ಆಪಾ ಇಪ್ಪತ್ತರ ವೇಗದಲ್ಲಿ ಸುರಪುರದವರೆಗೆ ಓಡಿಸಿ, ಪರಿಚಯದವರ ಅಂಗಳದಲ್ಲಿ ಕಾರು ಬಿಟ್ಟು, ಬಸ್ಸು ಹತ್ತಿ ಡ್ಯೂಟಿಗೆ ಹೋದಳು. ಕುಲ್ಫಿ ಯಾರೂ ತಿನ್ನಲಿಲ್ಲ.

ಮರುದಿನ ದುಲ್ಹಾಭಾಯಿ ಹೋಗಿ ಕಾರು ತಂದರು. ದುಲ್ಹಾಭಾಯಿ ಆಪಾಳ ಗಂಡ. ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಒಬ್ಬರ ಕೆಲಸ ಪೂರ್ವಕ್ಕೆ, ಇನ್ನೊಬ್ಬರದು ಪಶ್ಚಿಮಕ್ಕೆ. ಹಾಗಾಗಿ ನಡುವಿನ ಶಹಾಪುರದಲ್ಲಿ ಮನೆ. ಅವರಿಗೆ ಕಂಪನಿ ಬಸ್ಸಿದೆ. ಆಪಾಳಿಗೆ ಎರಡು ಬಸ್ಸು, ಅದೂ ಸಿಕ್ಕರೆ. ಕಾರು ಬರುವ ಮೊದಲು ಅವಳು ಮನೆ ಸೇರುವಾಗ ಮಕ್ಕಳು ನಿದ್ದೆ ಹೋಗಿರುತ್ತಿದ್ದರು. ಕೆಲಸ ಬಿಡುವ ಅರ್ಜಿ ಬರೆದು ಬೀರುವಿನಲ್ಲಿ ಇಟ್ಟಿದ್ದಳು. ಕಾರು ಬಂದಮೇಲೆ ಆ ಕಾಗದದ ಮಾತೇ ನಿಂತಿತ್ತು.

ದುಲ್ಹಾಭಾಯಿ ಕೀಲಿಯನ್ನು ಟೇಬಲ್ಲಿನ ಮೇಲಿಟ್ಟು ಹೇಳಿದರು. ಮನೆಯಲ್ಲಿ ನಾವು ಆಡುವುದು ದಖ್ಖನಿ, ಇಲ್ಲಿ ಕನ್ನಡ ಮಾಡುತ್ತಿದ್ದೇನೆ: "ನಕ್ಕೋ. ಈ ಗಾಡಿ ಬ್ಯಾಡ. ಈ ತಿಂಗಳು ಮುಗಿಯೂದರಾಗ ಮಾರಿ ಬಿಡೂಣು."

"ಮತ್ತ ನನ್ನ ನೌಕರಿ?" ಎಂದಳು ಆಪಾ.

"ಜೀವಕ್ಕಿಂತ ನೌಕರಿ ಹೆಚ್ಚೇನು?"

ಆಪಾ ವಾದ ಮಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಹಾಗಲಕಾಯಿ ಹೆಚ್ಚುವ ವಿಷಯಕ್ಕೂ ಗಂಡನ ಜೊತೆ ಅರ್ಧ ತಾಸು ವಾದಿಸುವ ಹೆಂಗಸು ಅವಳು.

ನನ್ನ ಪಾಲಿನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಎಲೆಕ್ಟ್ರಿಕ್ ಕಾರು ಸೆಕೆಂಡ್ ಹ್ಯಾಂಡು. ಹಿಮಾಚಲದಿಂದ ಹೈದರಾಬಾದಿಗೆ ವರ್ಗವಾಗಿ ಬಂದ ಇಂಜಿನಿಯರೊಬ್ಬರದು. ಜನವರಿಯಲ್ಲಿ ಕೊಂಡೆವು. ಟೈರು ಪರೀಕ್ಷೆ ಮಾಡಿದ್ದು ನಾನು. ನಮ್ಮ ಕಡೆ ಅದಕ್ಕೊಂದು ಪದ್ಧತಿ ಇದೆ: ಟೈರಿನ ಗೀರಿನಲ್ಲಿ ಬೆಂಕಿಕಡ್ಡಿ ಇಳಿಸುವುದು. ಮದ್ದಿನ ತಲೆ ಪೂರ್ತಿ ಮುಳುಗಿದರೆ ಟೈರು ಹೊಸದು, ಅರ್ಧ ಮುಳುಗಿದರೆ ನಡೆಯುತ್ತದೆ, ಕಂಡರೆ ಬೇಡ. ಈ ಟೈರಿನಲ್ಲಿ ಕಡ್ಡಿಯ ತಲೆ ಮುಳುಗಿ ಕುತ್ತಿಗೆಯೂ ಹೋಗಿತ್ತು. ಪಕ್ಕದಲ್ಲಿ ಒಂದು ಗುರುತು ಇತ್ತು, ಮೂರು ಶಿಖರದ ಗುಡ್ಡ, ಒಳಗೆ ನಕ್ಷತ್ರದಂಥದ್ದು. "ಗುಡ್ಡದ ಟೈರು! ಸುರಪುರದ ಏರಿಗೆ ಹೇಳಿ ಮಾಡಿಸಿದಂಗ ಐತಿ" ಎಂದು ದುಲ್ಹಾಭಾಯಿ ಖುಷಿಪಟ್ಟರು. ನಾನೂ ತಲೆಯಾಡಿಸಿದೆ. ಎಂಟನೇ ತರಗತಿಗೆ ಪ್ರತಿ ವರ್ಷ ಘರ್ಷಣೆಯ ಪಾಠ ಮಾಡುವವಳು ನಾನು.

ಜನವರಿ, ಫೆಬ್ರವರಿ ಕಾರು ಬೆಣ್ಣೆಯಂತೆ ಓಡಿತು. ಏಪ್ರಿಲ್‌ನಿಂದ ಚಾರ್ಜು ಬೇಗ ಇಳಿಯತೊಡಗಿತು. ತಪ್ಪನ್ನು ಎಸಿ ಮೇಲೆ ಹಾಕಿದೆವು. ತಿರುವಿನಲ್ಲಿ ಕಾರು ಸ್ವಲ್ಪ ತೇಲಿದಂತಾಗುತ್ತಿತ್ತು. ಬ್ಯಾಟರಿ ಭಾರ ಎಂದುಕೊಂಡೆವು. ಎಲ್ಲದಕ್ಕೂ ನಮ್ಮ ಹತ್ತಿರ ಕಾರಣ ಸಿದ್ಧವಿತ್ತು.

ಘಟನೆಯ ಮೂರನೇ ದಿನ ಆಪಾಳ ಮನೆಯಂಗಳದಲ್ಲಿ ಆ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಟೈರಿನ ತುಂಬ ಭತ್ತ. ದೊಡ್ಡ ಗೀರುಗಳಲ್ಲಷ್ಟೇ ಅಲ್ಲ, ರಬ್ಬರಿನ ಪ್ರತಿ ಉಬ್ಬಿನ ಮೇಲೂ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸಣ್ಣ ಸೀಳುಗಳಿದ್ದವು. ಅವುಗಳಲ್ಲೂ ಕಾಳು ಸಿಕ್ಕಿಕೊಂಡಿತ್ತು. ತಲೆಯ ಪಿನ್ನು ತೆಗೆದು ಒಂದೊಂದೇ ಕೀಳತೊಡಗಿದೆ. ಸುಮ್ಮನೆ ಕೂತರೆ ಆ ಮೊಣಕೈ ನೆನಪಾಗುತ್ತಿತ್ತು, ಕೈಗೆ ಕೆಲಸ ಬೇಕಿತ್ತು. ಬಿಸಿಲಿಗೆ ನಿಂತ ಟೈರು. ಪಿನ್ನು ಒತ್ತಿದರೆ ರಬ್ಬರು ಬಾಗುತ್ತಿತ್ತು, ಎಳೆದರೆ ಸೀಳು ಬಾಯಿ ತೆರೆಯುತ್ತಿತ್ತು. ಪಕ್ಕದಲ್ಲಿದ್ದ ನಮ್ಮ ಹಳೆಯ ಸ್ಕೂಟಿಯ ಟೈರನ್ನು ಒತ್ತಿ ನೋಡಿದೆ. ಅದು ಕಲ್ಲಿನಂತಿತ್ತು. ಇದು ಬಿಸಿಲಿಗಿಟ್ಟ ಬೆಲ್ಲ.

ಆಮೇಲೆ ಫೋನು ಹಿಡಿದು ಕೂತೆ. ಗುಡ್ಡದೊಳಗಿನ ನಕ್ಷತ್ರ ನಕ್ಷತ್ರವಲ್ಲ, ಹಿಮದ ಹರಳು. ನಮ್ಮ ಕಾರಿಗೆ ಇದ್ದದ್ದು ಚಳಿಗಾಲದ ಟೈರು. ಹಿಮದ ಮೇಲೆ ಕಲ್ಲಾಗಬಾರದೆಂದು ಅದರ ರಬ್ಬರನ್ನು ಮೆತ್ತಗೆ ಮಾಡಿರುತ್ತಾರೆ. ಹಿಮ ಕಚ್ಚಲೆಂದು ಆ ಸೀಳುಗಳು. ಕಾದ ಡಾಂಬರಿನ ಮೇಲೆ ಆ ಮೆತ್ತನೆಯ ಉಬ್ಬುಗಳು ಅತ್ತಿತ್ತ ಹೊಯ್ದಾಡುತ್ತವೆ, ಬ್ರೇಕು ಹಾಕಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಗೀರು ಆಳವಿದ್ದಷ್ಟೂ ಹೊಯ್ದಾಟ ಜಾಸ್ತಿ. ಅಂದರೆ ನಾನು ಕಡ್ಡಿ ಮುಳುಗಿತೆಂದು ಪಾಸು ಮಾಡಿದ ಗುಣವೇ ಮೇ ತಿಂಗಳಲ್ಲಿ ದೋಷ.

ದುಲ್ಹಾಭಾಯಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಸಾಲಿ ಸಾಹೇಬಾ, ನೆಲ್ಲಿನ ಮ್ಯಾಲೆ ಆನಿ ನಿಂತ್ರೂ ಜಾರತೈತಿ" ಎಂದರು. ಸಾಲಿ ಅಂದರೆ ಹೆಂಡತಿಯ ತಂಗಿ; ಓದಿದವಳು ಎಂಬ ಕಾರಣಕ್ಕೆ ನನಗೆ 'ಸಾಹೇಬಾ' ಎಂಬ ಪದವಿ.

"ನೆಲ್ಲು ಮುಟ್ಟೂಕಿಂತ ಮೊದಲ ನಿಲ್ಲಬೇಕಿತ್ತು, ದುಲ್ಹಾಭಾಯಿ. ಅಳದು ನೋಡೂಣು. ನಾಳೆ ಮಧ್ಯಾಹ್ನ."

"ಅಳದು?"

"ಹೌದು. ಈಗಿನ ಟೈರಿಗೆ ಒಮ್ಮೆ, ಹೊಸ ಟೈರಿಗೆ ಒಮ್ಮೆ. ಫರಕ್ ಇಲ್ಲಂದ್ರ ನಾನೇ ಮಾರಾಕ ಜಾಹೀರಾತು ಬರಕೊಡತೀನಿ."

ಊರ ಹೊರಗೆ ಪ್ಲಾಟು ಹಾಕಿ ಬಿಟ್ಟ ಒಂದು ಲೇಔಟಿದೆ. ಮನೆ ಒಂದೂ ಇಲ್ಲ, ರಸ್ತೆ ಮಾತ್ರ ಮದುಮಗನಂತೆ ತಯಾರಾಗಿದೆ. ಭಾನುವಾರ ಉರಿಬಿಸಿಲಿನಲ್ಲಿ ಅಲ್ಲಿಗೆ ಹೋದೆವು. ಆಪಾ ದೂರದ ಬೇವಿನ ಮರದಡಿ ನಿಂತಳು, ಕಾರು ಮುಟ್ಟಲಿಲ್ಲ. ದುಲ್ಹಾಭಾಯಿ ಅರವತ್ತರ ವೇಗದಲ್ಲಿ ಬಂದು, ನಾನು ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಬ್ರೇಕು ಒತ್ತಿದರು. ನಿಂತಲ್ಲಿ ಇನ್ನೊಂದು ಗೆರೆ ಎಳೆದೆ. ಮೂರು ಸಲ. ಮೂರನೆಯ ಸಲ ಇಳಿದು ಬಂದವರ ಮುಖದಲ್ಲಿ ತಮಾಷೆ ಇರಲಿಲ್ಲ. "ಗಾಡಿ ಕೆಳಗ ಏನೋ ಹೊರಳಾಡಿದಂಗ ಆಗತೈತಿ" ಎಂದರು.

ಟೈರಿಗೆ ಯಾದಗಿರಿಗೆ ಹೋದೆವು, ನಾನು ಮತ್ತು ದುಲ್ಹಾಭಾಯಿ. ಅಂಗಡಿಯವರು ಟ್ರ್ಯಾಕ್ಟರು, ಲಾರಿಗಳಲ್ಲೇ ತಲೆ ನರೆಸಿಕೊಂಡವರು. ಕಾರು ಸದ್ದಿಲ್ಲದೆ ಒಳಗೆ ಬಂದದ್ದನ್ನು ನೋಡಿ ಬಾನೆಟ್ಟಿಗೆ ಕಿವಿ ಹಚ್ಚಿದರು. "ಜೀವ ಐತಲ್ರಿ ಇದರಾಗ?" ಟೈರು ಒತ್ತಿ ನೋಡಿ ನಕ್ಕರು. "ಯಪ್ಪಾ, ಬ್ಯಾಸಗ್ಯಾಗ ಸ್ವೆಟರ್ ಹಾಕ್ಕೊಂಡು ತಿರಗಾಕತ್ತೈತಿ!"

ದುಲ್ಹಾಭಾಯಿಯ ಕಣ್ಣು ಗೋಡೆಗೆ ತೂಗುಹಾಕಿದ್ದ ಹದಿನೇಳು ಇಂಚಿನ ಹೊಳೆಯುವ ಗಾಲಿಗಳ ಮೇಲಿತ್ತು. ಮಾರಬೇಕೆಂದವರು ಈಗ ಶೃಂಗಾರಕ್ಕೆ ಇಳಿದಿದ್ದರು. "ಇಂಥವು ಶಹಾಪುರದಾಗ ಯಾರ ಬಲ್ಲಿನೂ ಇಲ್ಲ."

"ಚೆಂದ ಕಾಣತಾವ್ರಿ" ಎಂದರು ಅಂಗಡಿಯವರು. "ಆದ್ರ ಗಾಲಿ ದೊಡ್ಡದಾದಷ್ಟು ರಬ್ಬರು ಸಣ್ಣದಾಗತೈತಿ. ನಿಮ್ಮ ಕಾಲವಿ ದಾರಿ ತಗ್ಗಿನ್ಯಾಗ ಒಮ್ಮಿ ಬಿದ್ರ ರಿಮ್ಮು ರೊಟ್ಟಿ. ಚಾರ್ಜೂ ಹೆಚ್ಚು ತಿಂತೈತಿ."

"ಹಂಗಾದ್ರ ಹದಿನೈದು?" ಎಂದೆ. ಸಣ್ಣ ಗಾಲಿ, ದಪ್ಪ ರಬ್ಬರು, ತಗ್ಗಿಗೆ ಒಳ್ಳೆಯದು ಎಂದು ಓದಿಕೊಂಡು ಬಂದಿದ್ದೆ. ಅವರು ಮಾತಾಡದೆ ಒಂದು ಹದಿನೈದಿಂಚಿನ ರಿಮ್ಮು ತಂದು ಹಿಡಿದರು. ಠಣ್ ಎಂದಿತು, ಒಳಗಿನ ಬ್ರೇಕಿನ ಗಡ್ಡೆಗೆ ಬಡಿದಿತ್ತು. ಅಲ್ಲಿಗೆ, ಕಾರಿಗೆ ಮೊದಲೇ ಇದ್ದ ಹದಿನಾರಿಂಚೇ ಖಾಯಂ ಆಯಿತು.

ಹದಿನಾರರಲ್ಲಿ ಅವರ ಹತ್ತಿರ ಎರಡು ನಮೂನೆ ಇದ್ದವು. ಟೈರಿನ ಬದಿಯಲ್ಲಿ ಅದು ಎಷ್ಟು ಭಾರ ಹೊರುತ್ತದೆಂದು ತಿಳಿಸುವ ಒಂದು ಸಂಖ್ಯೆ ಇರುತ್ತದೆ. ಎರಡರದ್ದೂ ನಮ್ಮ ಕಾರಿನ ಬಾಗಿಲ ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ. ಬ್ಯಾಟರಿಯ ಕಾರು, ಹೊಟ್ಟೆಯಲ್ಲಿ ಎಮ್ಮೆ ಕೂಡಿಸಿಕೊಂಡು ಓಡುವಂಥದ್ದು. ನಾನು ಬೇಡವೆಂದೆ.

"ಎರಡು ಪಾಯಿಂಟ್ ಕಡಿಮಿ ಅಷ್ಟ ಐತ್ರಿ ಮೇಡಮ್ಮರ. ಟೈರಿಗೂ ಮಾರ್ಕ್ಸ್ ಕಾರ್ಡ್ ನೋಡ್ತೀರೇನ್?"

"ನೋಡ್ತೀನ್ರಿ. ಒಮ್ಮಿ ನೋಡದ ಪಾಸ್ ಮಾಡಿ ಸಾಕಾಗೈತಿ."

ಅವರು ನನ್ನ ಮುಖ ನೋಡಿದರು. ದುಲ್ಹಾಭಾಯಿ ಅಂದು ಆದದ್ದನ್ನು ಎರಡೇ ಮಾತಿನಲ್ಲಿ ಹೇಳಿದರು. ಅಂಗಡಿಯವರು ಫೋನು ತೆಗೆದು ಕಲಬುರಗಿಗೆ ಹಚ್ಚಿ, ಸಂಖ್ಯೆಯನ್ನು ನನ್ನ ಕೈಯಲ್ಲೇ ಎರಡು ಸಲ ಓದಿಸಿದರು. ನಾಲ್ಕನೇ ದಿನ ಟೈರು ಬಂದವು. ಕಡಿಮೆ ಗೀರು, ಗಟ್ಟಿ ರಬ್ಬರು, ನೋಡಲು ಏನೂ ಚೆಂದವಿಲ್ಲ.

ಮತ್ತೆ ಅದೇ ಲೇಔಟು, ಅದೇ ಬಿಸಿಲು. ದುಲ್ಹಾಭಾಯಿ ಮೂರು ಸಲ ಬ್ರೇಕು ಹಾಕಿದರು. ಪ್ರತಿ ಸಲವೂ ಹಳೆಯ ಗೆರೆಗಿಂತ ಬಹಳ ಹಿಂದೆಯೇ ಕಾರು ನಿಂತಿತು. ನಡುವಿನ ಜಾಗವನ್ನು ಅವರೇ ನಡೆದು ಅಳೆದರು. ಏಳು ಹೆಜ್ಜೆ.

"ಈಗ ನೀನು" ಎಂದು ಬೇವಿನ ಮರದ ಕಡೆ ತಿರುಗಿ ಕರೆದರು.

ಆಪಾ ಬಂದಳು. ಸೀಟು ಸರಿಸಿದಳು, ಕನ್ನಡಿ ಸರಿಸಿದಳು, ಮತ್ತೆ ಸೀಟು ಸರಿಸಿದಳು. ನಾನು ಪಕ್ಕದಲ್ಲಿ ಕೂತೆ. ಪರದೆ ನೋಡಬಾರದೆಂದು ಕೈಚೀಲದಿಂದ ಅದನ್ನು ಮುಚ್ಚಿದೆ. ಮೊದಲ ಸಲ ಮೂವತ್ತಕ್ಕೇ ಬ್ರೇಕು ಹಾಕಿದಳು. ಎರಡನೆಯ ಸಲ ಅರವತ್ತು. ಸೀಟಿನ ಪಟ್ಟಿ ಎದೆಗೆ ಒತ್ತಿತು, ಚೀಲ ಕಾಲಿಗೆ ಬಿತ್ತು, ಕಾರು ನಿಂತಿತ್ತು. ಆಪಾ ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ಅಳುತ್ತಾಳೆ ಎಂದುಕೊಂಡೆ.

"ಅಂದ್ರ ನನ್ನ ಕಾಲಿಂದು ತಪ್ಪಿರಲಿಲ್ಲ" ಎಂದಳು.

ಅಷ್ಟು ದಿನ ಅವಳು ತನ್ನ ಕಾಲನ್ನೇ ದೂರುತ್ತ ಕೂತಿದ್ದಳೆಂದು ನನಗೆ ಆಗ ತಿಳಿಯಿತು. ನಾನು ನನ್ನ ಬೆಂಕಿಕಡ್ಡಿಯನ್ನು ದೂರುತ್ತಿದ್ದೆ, ಅವಳು ತನ್ನ ಪಾದವನ್ನು. ಒಂದೇ ಓಣಿಯಲ್ಲಿ ಇದ್ದುಕೊಂಡು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ದುಲ್ಹಾಭಾಯಿ ಕಿಟಕಿಯಲ್ಲಿ ಬಗ್ಗಿದರು. "ಗುರುವಾರ ಬೆಳಗ್ಗೆ ಡ್ಯೂಟಿ ಐತಿಲ್ಲ ನಿಂದು? ಬುಧವಾರ ರಾತ್ರಿನೇ ಚಾರ್ಜಿಗೆ ಹಾಕಿಡು."

"ಹಾಕೂದು ನೀವು" ಎಂದಳು ಆಪಾ. "ಹೋದ ಸಲ ಪ್ಲಗ್ ಹಚ್ಚಿ ಸ್ವಿಚ್ ಹಾಕೂದ ಮರ್ತಿದ್ರಿ." ವಾದ ಶುರುವಾಯಿತು. ಹಿಂದಿನ ಸೀಟಿಗೆ ಹೋಗಿ ಹಾಯಾಗಿ ಕಾಲು ಚಾಚಿದೆ.

ಗುರುವಾರ ಅವಳು ಒಬ್ಬಳೇ ಹೋದಳು. ಸುರಪುರ ದಾಟಿದಾಗ ಒಂದು, ಕಕ್ಕೇರಾ ಮುಟ್ಟಿದಾಗ ಒಂದು ಮೆಸೇಜು ಬಂತು. ಸಂಜೆ ಐದೂವರೆಗೆ ಓಣಿಯಲ್ಲಿ ಮಕ್ಕಳ ಗದ್ದಲ ಎದ್ದಾಗ ಅವಳು ಬಂದದ್ದು ತಿಳಿಯಿತು. ಕಾರಂತೂ ಸದ್ದು ಮಾಡುವುದಿಲ್ಲ. ದಾರಿಯಲ್ಲಿ ಇನ್ನೂ ಭತ್ತ ಹರವಿದ್ದಾರೆ, ಎರಡು ಕಡೆ ನಿಂತು ದಾರಿ ಬಿಡಿಸಿಕೊಂಡು ಬಂದೆ ಎಂದಳು. ಕೈಕಾಲು ತೊಳೆದು ಮಕ್ಕಳ ಜೊತೆ ಊಟಕ್ಕೆ ಕೂತಳು. ನಾನು ಮನೆಗೆ ಬಂದು ಹತ್ತಕ್ಕೆ ಮಲಗಿದೆ. ಆ ಮೊಣಕೈ ಕಣ್ಣಮುಂದೆ ಬರುತ್ತದೆಂದು ಕಾಯುತ್ತಲೇ ಇದ್ದೆ.

ಕಣ್ಣು ಬಿಟ್ಟಾಗ ಅಮ್ಮಿ, ನಮ್ಮ ತಾಯಿ, ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನಿಂತಿದ್ದಳು. "ಫಜರಿನ ನಮಾಜ್ ಹೋತು, ನಾಷ್ಟಾ ಹೋತು, ಎಂಟೂವರೆ ಆತು" ಎಂದಳು. "ಉಸಿರಾಡಾಕತ್ತಿದೀಯಿಲ್ಲ ಅಂತ ನೋಡಾಕ ಬಂದೆ."