ಮುನಿಯಕ್ಕ ಮಲಗಿದ ಮೂಲೆಕೋಣೆ

ಬೆಳಗಿನ ನಾಲ್ಕೂಕಾಲು. ಚಾಮರಾಜಪೇಟೆಯ ಬೀದಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಓಕಳಿಪುರದ ಕಡೆಯಿಂದ ಗೂಡ್ಸ್ ಗಾಡಿಯ ಶಿಳ್ಳೆ ತೇಲಿ ಬರುತ್ತದೆ. ಅದನ್ನೇ ಗಡಿಯಾರ ಮಾಡಿಕೊಂಡಿರುವ ಚಿಕ್ಕಮುನಿಯಮ್ಮ ಲಾಟೀನು ಹಿಡಿದು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದ ಪಡಸಾಲೆಗೆ ಕಾಲಿಡುತ್ತಾರೆ. ಬರಿಗಾಲು, ಸದ್ದಿಲ್ಲ. ಇಪ್ಪತ್ತೆರಡು ಹುಡುಗಿಯರು ಕಂಬಳಿ ಹೊದ್ದು ಸಾಲಾಗಿ ಮಲಗಿದ್ದಾರೆ. ಮಂಕು ಬೆಳಕಿನಲ್ಲಿ ಯಾರ ಮುಖ ಯಾರದೆಂದು ಗೊತ್ತಾಗುವುದಿಲ್ಲ. ಆದರೂ ಅವರ ಕೈ ತಪ್ಪುವುದಿಲ್ಲ. ಒಬ್ಬಳ ಹೆಬ್ಬೆರಳು ಹಿಡಿದು ಅಲುಗಿಸುತ್ತಾರೆ, ಇನ್ನೊಬ್ಬಳ ಹಣೆಗೆ ಒದ್ದೆ ಕೈ ಒತ್ತುತ್ತಾರೆ. ಮತ್ತೊಬ್ಬಳನ್ನು ದಾಟಿ ಹೋಗುತ್ತಾರೆ. "ಅವಳಿಗೆ ನಿನ್ನೆ ಜ್ವರ. ಇನ್ನೊಂದು ಗಂಟೆ ಮಲಗಲಿ."

ಹುಡುಗಿಯರಿಗೆ ಅವರು ಮುನಿಯಕ್ಕ. ಗಂಡ ತೀರಿಕೊಂಡ ಮೇಲೆ, ಅಕ್ಕಿಗೆ ರೇಷನ್ ಬಂದ ವರ್ಷ, ಮಾಗಡಿ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದವರು. ಆಗಿನಿಂದ ದಿನಕ್ಕೆ ಅರವತ್ತು ಬಿಂದಿಗೆ ನೀರು ಸೇದುವುದು, ಹಂಡೆ ಕಾಯಿಸುವುದು, ಕಸ ಗುಡಿಸುವುದು, ಓದಲು ಎಬ್ಬಿಸುವುದು, ಎಲ್ಲ ಇವರದೇ. ಅಕ್ಷರ ಬಾರದು. ಆದರೆ ಯಾರು ನಿಜವಾಗಿ ಓದುತ್ತಾರೆ, ಯಾರು ಬರೀ ಪುಟ ಮಗುಚುತ್ತಾರೆ ಎಂಬುದು ಪಾಠ ಹೇಳುವವರಿಗಿಂತ ಮೊದಲು ಇವರಿಗೆ ತಿಳಿಯುತ್ತದೆ. ಪುಸ್ತಕವನ್ನು ಮೂಗಿಗೆ ಅಂಟಿಸಿಕೊಂಡು ಓದುವವಳಿಗೆ ಕನ್ನಡಕ ಬೇಕೆಂದು ವಾರ್ಡನ್ ಶೈಲಜಮ್ಮನವರಿಗೆ ಹೇಳಿದವರು ಇವರೇ. ಊರಿಂದ ಕಾಗದ ಬಂದರೆ ಎರಡು ದಿನ ಯಾರಿಗೆ ಪಾಠ ತಲೆಗೆ ಹತ್ತುವುದಿಲ್ಲ ಎಂಬುದೂ ಗೊತ್ತು.

"ದಡ್ಡಿ ಅಂತ ಒಬ್ಬಳನ್ನೂ ನಾನು ನೋಡಿಲ್ಲ ಕಣಪ್ಪ" ಎನ್ನುತ್ತಾರೆ, ಸೆರಗಿನಿಂದ ಲಾಟೀನಿನ ಗಾಜು ಒರೆಸುತ್ತ. "ಹೊಟ್ಟೆ ತುಂಬದೋರು, ನಿದ್ದೆ ಇಲ್ಲದೋರು, ಬೆಳಕು ಸಾಲದೋರು, ಇಂಥೋರನ್ನ ನೋಡಿದೀನಿ."

ಇಷ್ಟೆಲ್ಲ ಬಲ್ಲ ಮುನಿಯಕ್ಕನಿಗೂ ಮೂರು ವರ್ಷ ಅರ್ಥವಾಗದೆ ಉಳಿದದ್ದು ಮೂಲೆಕೋಣೆ.

ಪಡಸಾಲೆಯ ತುದಿಯ ಆ ಪುಟ್ಟ ಕೋಣೆಯನ್ನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವವಳಿಗೆಂದೇ ಮೀಸಲಿಡುತ್ತಿದ್ದರು. ಗಲಾಟೆಯಿಲ್ಲದೆ ಓದಿಕೊಳ್ಳಲಿ ಎಂದು. ಅಲ್ಲಿದ್ದ ಮಹಾನಂದ ಎಂಬ ಹುಡುಗಿ ಪರೀಕ್ಷೆಗೆ ಒಂದು ವಾರವಿರುವಾಗ ವಿಷಮಶೀತ ಜ್ವರದಿಂದ ತೀರಿಕೊಂಡಳು. ಎದೆಯ ಮೇಲಿನ ಪುಸ್ತಕವನ್ನು ಬಿಡಿಸಿ ತೆಗೆದವರು ಮುನಿಯಕ್ಕನೇ. ಮರುವರ್ಷ ಸುಂದರಮ್ಮ ಆ ಕೋಣೆಗೆ ಬಂದಳು. ಚಳಿಗಾಲ ಹಿಡಿಯುತ್ತಿದ್ದಂತೆ ಹೇಳತೊಡಗಿದಳು: "ಬೆಳಗಿನ ಜಾವ ಯಾರೋ ಓದ್ತಾರೆ ಮುನಿಯಕ್ಕಾ. ಪಿಸುಪಿಸು ಅಂತ. ಏನು ಅಂತ ತಿಳಿಯಲ್ಲ."

ಸುಂದರಮ್ಮನ ತಲೆ ಸದಾ ಭಾರ. ಪುಸ್ತಕ ಬಿಚ್ಚಿದರೆ ತೂಕಡಿಕೆ. ನಿನ್ನೆ ಬಾಯಿಪಾಠ ಮಾಡಿದ್ದು ಇಂದು ನೆನಪಿಲ್ಲ. ಪರೀಕ್ಷೆಯಲ್ಲಿ ನಪಾಸಾದಳು. ಅಣ್ಣ ಬಂದು ಕರೆದೊಯ್ದ, ಮದುವೆ ಮಾಡಿಬಿಟ್ಟರು. ಮುಂದಿನ ವರ್ಷ ಗಿರಿಜಾಂಬಾ. ಅದೇ ಪಿಸುದನಿ, ಅದೇ ತಲೆನೋವು, ಅದೇ ಫಲಿತಾಂಶ. ಮಹಾನಂದ ತಾನು ಬರೆಯದ ಪರೀಕ್ಷೆಗೆ ಇನ್ನೂ ಓದುತ್ತಿದ್ದಾಳೆ, ಜೊತೆಯಲ್ಲಿ ಇನ್ನೊಬ್ಬಳು ಪಾಸಾಗುವುದನ್ನು ಸಹಿಸಳು ಎಂದು ಹುಡುಗಿಯರು ಮಾತಾಡಿಕೊಂಡರು. ಶೈಲಜಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿದರು, ಮಠದಿಂದ ವಿಭೂತಿ ತರಿಸಿದರು. ಏನೂ ಆಗಲಿಲ್ಲ.

ಮೂರನೆಯವಳು ರುದ್ರಾಣಿ. ತರಗತಿಗೆ ಮೊದಲಿಗಳು, ದೆವ್ವವೆಂದರೆ ನಗುವವಳು. ಡಿಸೆಂಬರ್ ಕಳೆಯುವ ಹೊತ್ತಿಗೆ ಅವಳ ನಗು ನಿಂತಿತು. ಅರ್ಧವಾರ್ಷಿಕದಲ್ಲಿ ಲೆಕ್ಕಕ್ಕೆ ಹದಿನಾಲ್ಕು ಅಂಕ. ಒಂದು ಬೆಳಗ್ಗೆ ಮುನಿಯಕ್ಕ ಎಬ್ಬಿಸಲು ಹೋದಾಗ ಅವಳು ಕಣ್ಣು ತೆರೆದೇ ಮಲಗಿದ್ದಳು. ಕೆನ್ನೆಗಳು ಮದುವಣಗಿತ್ತಿಯ ಹಾಗೆ ಕೆಂಪೇರಿದ್ದವು. "ಇವತ್ತು ನನ್ನ ಹೆಸರು ಹಿಡಿದು ಕರೀತು" ಎಂದಳು.

ಜನವರಿಯಲ್ಲಿ ತಂದೆ ಬಂದರು. "ಓದು ಸಾಕು, ಗಂಟುಮೂಟೆ ಕಟ್ಟು" ಎಂದರು. ಗುಡಿಸುತ್ತಿದ್ದ ಮುನಿಯಕ್ಕ ಪೊರಕೆ ಕೆಳಗಿಟ್ಟು ಮುಂದೆ ಬಂದರು.

"ಸ್ವಾಮೀ, ಹದಿನೈದು ದಿನ ಟೈಮ್ ಕೊಡಿ. ಮಗು ಪಡಸಾಲೇಲಿ ಮಲಗಲಿ. ಆ ಕೋಣೇಲಿ ನಾನು ಮಲಗ್ತೀನಿ."

"ನೀನು ಮಲಗಿ ಏನ್ಮಾಡ್ತೀಯಮ್ಮಾ?"

"ಅದೇನು ಅಂತ ನೋಡ್ತೀನಿ. ನಂಗೆ ಯಾವ ಪರೀಕ್ಷೆ ಇದೆ, ನಪಾಸಾಗೋಕೆ?"

ಎಂದಿನಂತೆ ಹಂಡೆಯ ಒಲೆಯಲ್ಲಿ ಇದ್ದಲಿನ ಕೆಂಡದ ಮೇಲೆ ಬೂದಿ ಮುಚ್ಚಿ, ಮುನಿಯಕ್ಕ ಮೂಲೆಕೋಣೆಯಲ್ಲಿ ಚಾಪೆ ಹಾಸಿದರು. ಚಳಿಗೆ ಕಿಟಕಿ ಮುಚ್ಚಿತ್ತು. ಜಾವದಲ್ಲಿ ಎಚ್ಚರವಾದಾಗ ಕಿವಿಯೊಳಗೆ ಜೇನುಗೂಡು ಗುಂಯ್‌ಗುಡುತ್ತಿತ್ತು. ಆಮೇಲೆ ಆ ಸದ್ದು ಮಾತಾಯಿತು. ಯಾರೋ ಮಗ್ಗುಲಲ್ಲೇ ಕೂತು ಹೇಳಿದಂತೆ: ಮುನೀ, ಮಲಗು. ಎಲ್ಲರನ್ನೂ ಎಬ್ಬಿಸಿದ್ದು ಸಾಕು. ಮಲಗು.

"ಹೆದರಿಕೇನೇ ಆಗ್ಲಿಲ್ಲ. ಅದೇ ಹೆದರಿಕೆ" ಎನ್ನುತ್ತಾರೆ ಮುನಿಯಕ್ಕ. "ಎಷ್ಟು ಮೆತ್ತಗೆ ಹೇಳ್ತು ಅಂದ್ರೆ, ಮಲಗೇಬಿಡೋಣ ಅನ್ನಿಸ್ತು."

ಆಗ ದೂರದ ರೈಲು ಕೂಗಿತು. ಹನ್ನೆರಡು ವರ್ಷದ ಅಭ್ಯಾಸ, ಕೈಕಾಲು ತಾವಾಗಿಯೇ ಅಲುಗಿದವು. ತೆವಳಿಕೊಂಡು ಹೊಸ್ತಿಲು ದಾಟಿ ಅಂಗಳದಲ್ಲಿ ವಾಂತಿ ಮಾಡಿಕೊಂಡರು. ತಣ್ಣನೆಯ ಗಾಳಿ ತಾಗಿ ಸ್ವಲ್ಪ ಹೊತ್ತಿಗೆ ತಲೆ ತಿಳಿಯಾಯಿತು. ಮರುದಿನವೂ ಹಾಗೆಯೇ ಆಯಿತು.

ಮೂರನೆಯ ದಿನ ಹಂಡೆಯನ್ನು ಕಲಾಯಿಗೆಂದು ಮಾಮೂಲ್‌ಪೇಟೆಗೆ ಕಳಿಸಿದ್ದರು. ಒಲೆಗೆ ಬೆಂಕಿಯಿಲ್ಲ. ಆ ಜಾವ ಕೋಣೆಯಲ್ಲಿ ಪಿಸುದನಿಯೂ ಇಲ್ಲ, ತಲೆನೋವೂ ಇಲ್ಲ. ಮುನಿಯಕ್ಕ ಚಾಪೆಯ ಮೇಲೆ ಕೂತು ಲೆಕ್ಕ ಹಾಕಿದರು. ಬಚ್ಚಲುಮನೆಯನ್ನು ಈ ಕೋಣೆಯ ಹಿಂಗೋಡೆಗೆ ಸೇರಿಸಿ ಕಟ್ಟಿದ್ದು ಮಹಾನಂದ ಹೋದ ವರ್ಷವೇ. ಎದ್ದು ಗೋಡೆಯ ಪಕ್ಕದ ಟ್ರಂಕನ್ನು ಎಳೆದರು. ನೆಲದ ಹತ್ತಿರ ಬೆರಳು ತೂರುವಷ್ಟು ಬಿರುಕು. ಬೆರಳಿಟ್ಟು ತೆಗೆದರೆ ಕಪ್ಪು ಮಸಿ. ಕಣ್ಣಿಗೆ ಹೊಗೆ ಕಾಣದ ಕೆಂಡದ ಕೆಟ್ಟ ಗಾಳಿ ರಾತ್ರಿಯಿಡೀ ಅಲ್ಲಿಂದಲೇ ಒಳಗೆ ಬರುತ್ತಿತ್ತು.

ಕೆಂಡ ಮುಚ್ಚುತ್ತಿದ್ದ ಕೈ ತಮ್ಮದೇ.

ಸುಮ್ಮನಿದ್ದು ಬಿರುಕಿಗೆ ಸುಣ್ಣ ಮೆತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲಸ ಹೋದರೆ ಮುನಿಯಕ್ಕನಿಗೆ ಬೇರೆ ಸೂರಿಲ್ಲ. ಆದರೂ ಬೆಳಕು ಹರಿಯುವ ಮೊದಲೇ ಶೈಲಜಮ್ಮನವರ ಬಾಗಿಲು ತಟ್ಟಿದರು. "ಅಮ್ಮಾವ್ರೆ, ಆ ದೆವ್ವ ನಾನೇ. ಸತ್ತ ಮಗೂನ ಬೈಯಬೇಡಿ ಇನ್ನು."

ಡಾಕ್ಟರು ಬಂದು ನೋಡಿದರು. ಇನ್ನೊಂದಿಷ್ಟು ಗಾಳಿ ಹೊಕ್ಕಿದ್ದರೆ ಒಬ್ಬಳ ಹೆಣವೇ ಬೀಳುತ್ತಿತ್ತು ಎಂದರು. ಒಲೆ ಅಂಗಳದ ಆಚೆಗೆ ಹೋಯಿತು. ಮುನಿಯಕ್ಕನ ಕೆಲಸ ಉಳಿಯಿತು. ರುದ್ರಾಣಿ ಮಾರ್ಚಿಯಲ್ಲಿ ಪರೀಕ್ಷೆ ಬರೆದು ಪಾಸಾದಳು. ಈಗ ಮಲ್ಲೇಶ್ವರದ ಶಾಲೆಯೊಂದರಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಕೆಟ್ಟ ಗಾಳಿಗೆ ಕಿವಿ ಗುಂಯ್‌ಗುಡುವುದುಂಟು ಎಂದು ಡಾಕ್ಟರು ಹೇಳಿದ್ದನ್ನು ಮುನಿಯಕ್ಕ ಒಪ್ಪುತ್ತಾರೆ. "ಮುನೀ ಅಂತ ನನ್ನ ಕರೀತಿದ್ದೋಳು ನಮ್ಮವ್ವ ಒಬ್ಬಳೇ. ಗಾಳಿಗೆ ಹೇಗೆ ಗೊತ್ತಾಯ್ತೋ" ಎಂದೂ ಸೇರಿಸುತ್ತಾರೆ. ಆ ಕೋಣೆಯಲ್ಲಿ ಈಗ ಸೌದೆ ಒಟ್ಟಿದ್ದಾರೆ. ಒಳಗೆ ಹೋಗುವಾಗ ಅವರು ಇವತ್ತಿಗೂ ಒಂದು ಸಲ ಕೆಮ್ಮಿಯೇ ಹೋಗುತ್ತಾರೆ.

ಪಾಸಾದ ಸಂಭ್ರಮಕ್ಕೆ ಸೀರೆ ತಂದ ರುದ್ರಾಣಿಯಿಂದ ಮುನಿಯಕ್ಕ ಸೀರೆಗೆ ಬದಲು ಎರಡು ಕಾರ್ಡು ಬರೆಸಿದರು. ಒಂದು ಗಿರಿಜಾಂಬಾಳಿಗೆ, ಇನ್ನೊಂದು ಸುಂದರಮ್ಮನಿಗೆ: ನಪಾಸಾದದ್ದು ನಿನ್ನ ತಪ್ಪಲ್ಲ, ಕೆಂಡದ ಗಾಳಿಯದು ಎಂದು. ಗಿರಿಜಾಂಬಾಳಿಂದ ಉತ್ತರ ಬಂತು. ಕೈಗೂಸನ್ನು ಅತ್ತೆಯ ಬಳಿ ಬಿಟ್ಟು ಬರುವ ಮಾರ್ಚಿಯಲ್ಲಿ ಪರೀಕ್ಷೆಗೆ ಕೂರುತ್ತಾಳಂತೆ. ಸುಂದರಮ್ಮನಿಂದ ಸುದ್ದಿಯಿಲ್ಲ. ಆರು ತಿಂಗಳಿಗೊಂದರಂತೆ ನಾಲ್ಕು ಕಾರ್ಡು ಹೋಗಿವೆ.

"ಅವಳು ಪರೀಕ್ಷೆ ಕಟ್ಟದಿದ್ರೆ ಬೇಡ" ಎನ್ನುತ್ತಾರೆ ಮುನಿಯಕ್ಕ, ಬಾವಿಗೆ ಹಗ್ಗ ಇಳಿಬಿಡುತ್ತ. "ಕಾರ್ಡು ಕೈಗೆ ಸೇರಿದ್ರೆ ಸಾಕು. ತಾನು ದಡ್ಡಿ ಅಂದ್ಕೊಂಡೇ ಆ ಮಗು ಮುದುಕಿ ಆಗಬಾರದು."