ಗಂಜಿ ಕುಡಿದ ಫಾರಿನ್ ಜಾಕೆಟ್

ಎಂಬತ್ತರ ದಶಕದ ಮಾತು. ಆಗ ನಾನು ಮಧುಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಬಂತೆಂದರೆ ಮೂರು ನಾಲ್ಕು ಗೆಳೆಯರು ಸೇರಿ ಬೆಟ್ಟ ಹತ್ತುತ್ತಿದ್ದೆವು. ಮಿಕ್ಕ ಆರು ದಿನ ಅದೇ ಬಂಡೆಯ ಕಾವಿನಲ್ಲಿ ಬೇಯುತ್ತಿದ್ದೆವು. ಹೀಗಿರುವಾಗ, ನಾನು ಅರ್ಜಿ ಹಾಕಿದ್ದ ಹಿಮಾಲಯದ ಚಾರಣಕ್ಕೆ ನಾನು ಆಯ್ಕೆಯಾಗಿದ್ದೇನೆಂದು ಕಾಗದ ಬಂತು. ತರಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಮೊದಲನೆಯದೇ ಹಗುರವಾದ, ಬೆಚ್ಚನೆಯ ಸಿಂಥೆಟಿಕ್ ಜಾಕೆಟ್.

ನಮ್ಮ ಮನೆಯಲ್ಲಿ ಬೆಚ್ಚನೆಯ ಬಟ್ಟೆಗೇನೂ ಬರವಿರಲಿಲ್ಲ. ಶಿರಾ ಕಡೆಯ ನಮ್ಮೂರಿನಲ್ಲಿ ಅಪ್ಪ ಕಂಬಳಿ ನೇಯುತ್ತಿದ್ದ. "ಅದ್ಕೇನ್ಲಾ, ಒಂದು ಕಂಬ್ಳಿ ತಗಂಡೋಗು" ಅಂದ. ತೂಕ ಜಾಸ್ತಿ ಎಂದು ನೆಪ ಹೇಳಿದೆ. ನಿಜವಾದ ಕಾರಣ ಬೇರೆ ಇತ್ತು. ಕಚೇರಿಯಲ್ಲಿ ಆಗಲೇ ನನಗೆ 'ಕಂಬಳಿ' ಎಂದು ಅಡ್ಡಹೆಸರು ಬಿದ್ದಿತ್ತು. ಹಿಮಾಲಯದಲ್ಲಾದರೂ ನಾಲ್ಕು ದಿನ ಬರೀ ಮನುಷ್ಯನಾಗಿರೋಣ ಎಂಬುದು ನನ್ನ ಆಸೆ. ಹಿತ್ತಲ ಗಿಡ ಮದ್ದಲ್ಲ. ಆ ಗಿಡ ನೆಟ್ಟವನು ಅಪ್ಪನಾದರಂತೂ ಮುಗಿದೇ ಹೋಯಿತು.

ಬೆಂಗಳೂರಿಗೆ ಹೋಗಿ, ಫುಟ್‌ಪಾತಿನಲ್ಲಿ ಫಾರಿನ್ ಬಟ್ಟೆ ಗುಡ್ಡೆ ಹಾಕಿಕೊಂಡಿದ್ದವನ ಮುಂದೆ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ದಿನ ನಿಂತೆ. ಒಂದು ಕೆಂಪು ಜಾಕೆಟ್ ಹಾಕಿಕೊಂಡರೆ ಹಾಸಿಗೆ ಸುತ್ತಿಕೊಂಡಂತಿತ್ತು. ಇನ್ನೊಂದು ನೀಲಿ: ತೆಳು ನೈಲಾನು, ಒಳಗೆ ಪಾಲಿಯೆಸ್ಟರ್ ಹತ್ತಿ, ಮೈತುಂಬ ಅಡ್ಡಡ್ಡ ಹೊಲಿಗೆ. "ಮುಷ್ಟೀಲಿ ಹಿಂಡಿ ಬಿಡಿ ಸಾರ್, ತಿರುಗಾ ಉಬ್ಬಿದ್ರೆ ಒಳ್ಳೇ ಮಾಲು" ಎಂದ ಮಾರುವವನು. ಕೆಂಪು ಹಿಂಡಿದಂತೆಯೇ ಬಿದ್ದುಕೊಂಡಿತು. ನೀಲಿ ಉಬ್ಬಿತು, ಅದರ ಜೊತೆಗೆ ನಾನೂ ಉಬ್ಬಿದೆ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ತೊಟ್ಟೇ ಇಳಿದಾಗ ಹೂ ಮಾರುವ ಹೆಂಗಸು, "ಯಾಕ್ ಸಾಮಿ, ಚಳಿಜ್ವರವಾ?" ಎಂದು ಮರುಗಿದಳು.

ಊರಿಗೆ ಹೋದಾಗ ಅಪ್ಪ ಜಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡಿದ. "ಇದ್ರಾಗೆ ಏನೂ ಇಲ್ವಲ್ಲೋ!" ನಮ್ಮಲ್ಲಿ ಕಂಬಳಿಗೆ ಒಂದು ಪರೀಕ್ಷೆಯಿದೆ. ಮೂಲೆಗಳನ್ನು ಎತ್ತಿ ಹಿಡಿದು ನಡುವೆ ನೀರು ಹೊಯ್ಯುವುದು; ಸೋರದಿದ್ದರೆ ಪಾಸು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅವ್ವನಿಗೆ ಒಂದು ತುದಿ ಹಿಡಿಸಿ ಅಪ್ಪ ಒಂದು ಚೊಂಬು ನೀರು ಸುರಿದೇಬಿಟ್ಟ. ನೀರು ನಿಂತಿತು. ಅಪ್ಪನ ಮುಖ ಸಣ್ಣದಾಯಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಹೊಲಿಗೆಯ ಸಾಲಿನಿಂದ ಒಂದೊಂದೇ ಹನಿ ತೊಟ್ಟಿಕ್ಕತೊಡಗಿತು. "ನೋಡ್ದಾ? ಸೂಜಿ ತೂತು!" ಎಂದ ಅಪ್ಪನಿಗೆ ಹೋದ ಜೀವ ಬಂದಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಜಾಕೆಟ್ ಹಗ್ಗದ ಮೇಲೆ ಹಪ್ಪಳದಂತೆ ಸೆಟೆದು ನಿಂತಿದೆ. ಹೊಸ ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿಯನ್ನು ಅಪ್ಪ ಕುಂಚದಿಂದ ಒಂದೊಂದು ಹೊಲಿಗೆಗೂ ತಿಕ್ಕಿದ್ದ. "ಅಂಗೇ ಬುಟ್ರೆ ನೆಂದೋಯ್ತೀಯ ಅಂತ ತೂತು ಮುಚ್ದೆ ಕಣ್ಲಾ."

"ನಿನ್ ಕಂಬ್ಳಿ ಬುದ್ಧೀನ ನನ್ ಬಟ್ಟೆಗೂ ಮೆತ್ಬುಟ್ಟೆಯಲ್ಲಪ್ಪಾ!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅಪ್ಪ ಕುಂಚ ತೊಳೆದಿಟ್ಟು ಮಗ್ಗದ ಗುಂಡಿಗೆ ಇಳಿದ.

ಬೇರೆ ಜಾಕೆಟ್ ಕೊಳ್ಳುವ ತಾಕತ್ತಿರಲಿಲ್ಲ, ಅದನ್ನೇ ಕೊಂಡೊಯ್ದೆ. ಬೆಟ್ಟದ ಮೇಲೆ ಮೂರನೆಯ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಟೆಂಟು ಸೇರುವಷ್ಟರಲ್ಲಿ ಎಲ್ಲರ ಜಾಕೆಟ್ಟುಗಳೂ ಹೊಲಿಗೆಯಲ್ಲಿ ಸೋರಿ, ಹೆಗಲು ತೊಯ್ದು, ಹಲ್ಲು ಕಟಕಟ ಎನ್ನುತ್ತಿದ್ದವು. ನನ್ನ ಗಂಜಿ ಮಾತ್ರ ನೀರಿಗೆ ಉಬ್ಬಿ ತೂತುಗಳಲ್ಲಿ ಭದ್ರವಾಗಿ ಕೂತಿತ್ತು. ನನ್ನ ಹೆಗಲು ನೆಂದಿರಲಿಲ್ಲ. ಟೆಂಟಿನಲ್ಲಿ ಜೊತೆಗಿದ್ದ ದೆಹಲಿಯವನೊಬ್ಬ ಹತ್ತಿರ ಬಂದು ಹೊಲಿಗೆ ಮುಟ್ಟಿ ನೋಡಿದ. ಇದಕ್ಕೆ ಏನು ಹಾಕಿದ್ದಾರೆ, ಯಾರು ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಫಾರಿನ್" ಎಂದೆ.

ನೆಂದ ಗಂಜಿಗೆ ಮೂಗು ಮುರಿದು, ಇದೇನು ವಾಸನೆ ಎಂದ. ಅದೂ ಫಾರಿನ್ನೇ ಎಂದೆ.

ಊರಿಗೆ ಬಂದ ದಿನ ಅಪ್ಪ ಹಿಮದ ಬಗ್ಗೆ ಕೇಳಲಿಲ್ಲ, ಬೆಟ್ಟದ ಬಗ್ಗೆಯೂ ಕೇಳಲಿಲ್ಲ. ಮಗ್ಗ ನಿಲ್ಲಿಸಿ, "ಸೋರ್ತಾ?" ಎಂದ.

"ಒಂದ್ ಹನೀನೂ ಇಲ್ಲಪ್ಪ."

"ಏನ್ ಮೆತ್ತವ್ರೆ ಅಂತ ಯಾರಾದ್ರೂ ಕೇಳಿದ್ರಾ?"

"ಕೇಳಿದ್ರು, ಡೆಲ್ಲಿಯೋರೊಬ್ರು."

"ಏನಂದೆ?"

"ನಮ್ಮಪ್ಪ ಮಾಡಿದ್ದು ಅಂದೆ."

ಅಪ್ಪ ಆ ದಿನ ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಜಾಕೆಟ್ ತೊಡು ಎಂದು ನನ್ನನ್ನು ಕರೆದುಕೊಂಡು ಮನೆಮನೆಗೆ ಹೋದ. "ಡೆಲ್ಲಿಯೋರ ಮುಂದೆ ನನ್ ಹೆಸ್ರು ಹೇಳವ್ನೆ ಕಣಮ್ಮ, ನನ್ ಮಗ" ಎಂದು ಎಲ್ಲರ ಜಗುಲಿಯಲ್ಲೂ ಹೇಳಿದ. ಆ ಸೆಕೆಯಲ್ಲಿ ಜಾಕೆಟ್ಟಿನೊಳಗೆ ಬೆವರುತ್ತಾ, ನಾಚಿಕೆಯಿಂದ ಸಾಯುತ್ತಾ, ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ.